ಕುರಿ ಮುಖ ಊದಿದೆ, ಕುಂಟುತ್ತಿದೆ: ಕಾಲುಬಾಯೋ, ಹಿರೇಬೇನೆಯೋ, ನೀಲಿ ನಾಲಿಗೆಯೋ?

ರೊಪ್ಪದ ಹುಡುಗ | ಭಾನುವಾರ, ರಾತ್ರಿ 10:50

ನಮ್ಮದು ಹಿರಿಯೂರು ಕಡೆ. ಅಪ್ಪನ ಕಾಲದಿಂದ ಕುರಿ ಸಾಕುತ್ತಿದ್ದೇವೆ. ಸಣ್ಣದು ದೊಡ್ಡದು ಸೇರಿ 84 ಇದ್ದವು. ಈ ವಾರ ಐದು ಹೋದವು. ಹನ್ನೊಂದು ಮಲಗಿವೆ.

ಜಡಿಮಳೆ ನಿಂತು ಎರಡು ವಾರ ಆಗಿತ್ತು. ಮೊದಲು ಒಂದು ಕುರಿ ಮೇವು ಬಿಟ್ಟಿತು. ಕಿವಿ ಮುಟ್ಟಿದರೆ ಕೆಂಡ. ಮಾರನೇ ದಿನ ತುಟಿ, ದವಡೆ ಎಲ್ಲ ಊದಿ, ಇದು ನಮ್ಮ ಕುರೀನಾ ಅನ್ನುವ ಹಾಗಾಯಿತು. ಮೂಗಿನಿಂದ ಸಿಂಬಳ ಸುರಿದು, ಒಣಗಿ, ಹೊಳ್ಳೆಯೇ ಕಟ್ಟಿಕೊಂಡಿದೆ. ಬಾಯಲ್ಲಿ ನೊರೆ. ಮೂರನೇ ದಿನ ಕುಂಟಲು ಶುರು. ನಿನ್ನೆ ಸಂಜೆ ಅದು ಮುಂಗಾಲು ಮಡಚಿ, ಮಂಡಿಯ ಮೇಲೆ ನಡೆದುಕೊಂಡು ನೀರಿನ ತೊಟ್ಟಿಗೆ ಬಂತು. ನೋಡಕ್ಕಾಗಲಿಲ್ಲ.

ತಿಂಗಳ ಹಿಂದೆ ಸಂತೆಯಿಂದ 12 ಕುರಿ ತಂದಿದ್ದೆ. ಹಿರೇಬೇನೆ ಲಸಿಕೆ ಎರಡು ವರ್ಷದ ಹಿಂದೆ ಹಾಕಿಸಿದ್ದೇವೆ. ಔಷಧಿ ಅಂಗಡಿಯವರು ಕಾಲುಬಾಯಿ ಅಂತ ಹೇಳಿ ಮೂರು ದಿನದ ಇಂಜೆಕ್ಷನ್ ಕೊಟ್ಟರು. ಏನೂ ವ್ಯತ್ಯಾಸ ಇಲ್ಲ. ಪಕ್ಕದ ಮನೆಯವರು ಹಿರೇಬೇನೆ ಅಂತಾರೆ. ನಮ್ಮ ದೊಡ್ಡಪ್ಪ, ಗಾಳಿ ಸೋಕಿದೆ, ದೇವರಿಗೆ ಬಿಟ್ಟ ಟಗರು ಮಾರಿದ್ದಕ್ಕೆ ಅಂತಾರೆ. ಯಾರ ಮಾತು ಕೇಳಲಿ?

ಸಂತೆಪೇಟೆ | ರಾತ್ರಿ 11:15

ತಮ್ಮಾ, ಕುಂಟುತ್ತಿದೆ, ಬಾಯಲ್ಲಿ ನೊರೆ ಇದೆ ಅಂದ ಮೇಲೆ ಕಾಲುಬಾಯಿ ಅಲ್ಲದೆ ಇನ್ನೇನು? ಸಂತೆಯಿಂದ ತಂದದ್ದರಿಂದಲೇ ಬಂದಿದೆ. ಗೊರಸು ತೊಳೆದು ಬೇವಿನೆಣ್ಣೆ ಹಚ್ಚು. ನಾನು ಇಪ್ಪತ್ತು ವರ್ಷದಿಂದ ಕುರಿ ವ್ಯಾಪಾರ ಮಾಡುತ್ತಿದ್ದೇನೆ.

ಆಡಿನಮ್ಮ | ರಾತ್ರಿ 11:32

ನನಗೆ ಹಿರೇಬೇನೆ ಅನ್ನಿಸುತ್ತದೆ. ನಮ್ಮ ಆಡುಗಳಿಗೆ ಬಂದಾಗ ಹೀಗೇ ಮೂಗು ಕಟ್ಟಿತ್ತು. ಒಂದೇ ಸಲಕ್ಕೆ ಒಂಬತ್ತು ಮರಿ ಕಳೆದುಕೊಂಡೆ. ಕಣ್ಣಿನ ಪಿಸರು ಅಂಟಿ, ರೆಪ್ಪೆ ಬಿಡಿಸಲು ಬಿಸಿನೀರಿನ ಬಟ್ಟೆ ಇಡಬೇಕಿತ್ತು. ಬಾಯಿಯ ವಾಸನೆ ಎಂಥದು ಅಂದರೆ, ಕೊಟ್ಟಿಗೆಯೊಳಗೆ ಕಾಲಿಟ್ಟರೆ ಸೆರಗು ಮೂಗಿಗೆ ಹೋಗುತ್ತಿತ್ತು. ನಿಮ್ಮ ಕುರಿಗೆ ಭೇದಿ ಇದೆಯಾ?

ದನದ ಡಾಕ್ಟ್ರು | ಸೋಮವಾರ, ಬೆಳಿಗ್ಗೆ 6:20

ಆಡಿನಮ್ಮ ಸರಿಯಾದ ಪ್ರಶ್ನೆ ಕೇಳಿದ್ದಾರೆ. ನಾನು ಇನ್ನೂ ನಾಲ್ಕು ಸೇರಿಸುತ್ತೇನೆ. ಫೋಟೋ ಬೇಡ, ನೀವೇ ನೋಡಿ ಹೇಳಿ.

ಒಂದು, ಕುರಿಯ ಕಾಲೆತ್ತಿ ಬಿಸಿಲಿಗೆ ಹಿಡಿಯಿರಿ. ಗೊರಸು ಮುಗಿದು ಚರ್ಮ ಶುರುವಾಗುವ ಜಾಗ ಇದೆಯಲ್ಲ, ಅಲ್ಲಿ ಕೆಂಪು ಅಥವಾ ನೇರಳೆ ಗೆರೆ ಇದೆಯಾ? ಗೊರಸಿನ ಸಂದಿಯಲ್ಲಿ ನೀರುಗುಳ್ಳೆ ಒಡೆದ ಹುಣ್ಣು ಇದೆಯಾ? ಎರಡು, ಮನೆಯಲ್ಲಿ ದನ ಇದ್ದರೆ ಅವು ಜೊಲ್ಲು ಸುರಿಸುತ್ತಿವೆಯಾ? ಮೂರು, ಊರಿನ ಆಡುಗಳು ಹೇಗಿವೆ? ನಾಲ್ಕು, ರೊಪ್ಪ ಎಲ್ಲಿದೆ, ಸುತ್ತ ಏನಿದೆ?

ರೊಪ್ಪದ ಹುಡುಗ | ಬೆಳಿಗ್ಗೆ 8:05

ನೋಡಿದೆ ಸರ್. ಗೆರೆ ಇದೆ! ಪೆನ್ನಿನಲ್ಲಿ ಎಳೆದ ಹಾಗೆ, ಕೆಂಪುಕಪ್ಪು. ಮುಟ್ಟಿದರೆ ಕಾಲು ಎಳೆದುಕೊಳ್ಳುತ್ತದೆ. ಗುಳ್ಳೆ ಇಲ್ಲ. ಸಂದಿ ಚೊಕ್ಕಟ ಇದೆ. ಭೇದಿ ಎರಡಕ್ಕೆ ಮಾತ್ರ, ಅದೂ ಸ್ವಲ್ಪ. ಕಣ್ಣು ಕೆಂಪಾಗಿದೆ, ಪಿಸರು ಜಾಸ್ತಿ ಇಲ್ಲ. ಬಾಯಿ ತುಂಬಾ ನಾರುತ್ತಿಲ್ಲ. ಒಂದರ ನಾಲಿಗೆ ದಪ್ಪ ಆಗಿ ಹಲ್ಲಿನ ಹೊರಗೆ ಬಂದಿದೆ, ಬಣ್ಣ ನೇರಳೆ ಹಣ್ಣು ತಿಂದ ಹಾಗೆ.

ಎರಡು ಹಸು, ಒಂದು ಎಮ್ಮೆ ಇವೆ. ಗಟ್ಟಿಮುಟ್ಟಾಗಿವೆ, ಹಾಲು ಕೂಡ ಕಡಿಮೆ ಆಗಿಲ್ಲ. ಪಕ್ಕದವರ ಆಡು ನಮ್ಮ ಕುರಿ ಜೊತೆಗೇ ಮೇಯುತ್ತವೆ, ಅವಕ್ಕೂ ಏನಿಲ್ಲ. ರೊಪ್ಪದ ಒಂದು ಪಕ್ಕ ದನದ ಕೊಟ್ಟಿಗೆ, ಹಿಂದೆ ತಿಪ್ಪೆ. ಈ ಸಲ ತಿಪ್ಪೆಯ ಬುಡದಲ್ಲಿ ನೀರು ನಿಂತು ಕೆಸರಾಗಿದೆ. ಸಂಜೆ ಆದರೆ ನೊರಜು ಹೇಗೆ ಅಂದರೆ, ಬಾಯಿ ತೆರೆದು ಮಾತಾಡಕ್ಕಾಗಲ್ಲ.

ದನದ ಡಾಕ್ಟ್ರು | ಬೆಳಿಗ್ಗೆ 9:10

ಆ ಕೊನೆಯ ಎರಡು ಸಾಲನ್ನು ಅಂಗಡಿಯವರು ಕೇಳಿದ್ದರೆ ನಿಮ್ಮ ದುಡ್ಡು ಉಳಿಯುತ್ತಿತ್ತು.

ಕಾಲುಬಾಯಿ ಆಗಿದ್ದರೆ ಮೊದಲು ಹಸು ಜೊಲ್ಲು ಸುರಿಸಬೇಕಿತ್ತು. ಕುರಿಯಲ್ಲಿ ಕಾಲುಬಾಯಿ ಸಾಮಾನ್ಯವಾಗಿ ಸೌಮ್ಯ. ಕುಂಟುತ್ತದೆ, ಬಾಯಲ್ಲಿ ಸಣ್ಣ ಗುಳ್ಳೆ ಏಳುತ್ತದೆ, ಎಳೆ ಮರಿಗಳು ಸಾಯಬಹುದು. ಮುಖ ಹೀಗೆ ಊದುವುದಿಲ್ಲ. ಹಿರೇಬೇನೆ ಅಂದರೆ ಪಿಪಿಆರ್. ಅದರಲ್ಲಿ ಭೇದಿ, ಪಿಸರು, ಕೆಮ್ಮು, ನಾತ ಇವೇ ಮುಂದೆ. ಒಸಡಿನ ಮೇಲೆ ತವುಡು ಉದುರಿಸಿದ ಹಾಗೆ ಬಿಳಿ ಪೊರೆ ಕಟ್ಟುತ್ತದೆ. ಕುಂಟುವುದಿಲ್ಲ. ಜೊತೆಗೆ ಮೇಯುವ ಆಡುಗಳೂ ಸುಮ್ನೆ ಉಳಿಯುವುದು ಕಷ್ಟ. ಪಿಪಿಆರ್ ಲಸಿಕೆ ಒಮ್ಮೆ ಸರಿಯಾಗಿ ಬಿದ್ದರೆ ಕನಿಷ್ಠ ಮೂರು ವರ್ಷ ಕಾಯುತ್ತದೆ, ನಿಮ್ಮದು ಎರಡೇ ವರ್ಷ ಆಗಿದೆ.

ಊದಿದ ಮುಖ, ಹೊಳ್ಳೆಯ ಹಕ್ಕಳೆ, ಗೊರಸಿನ ಮೇಲಿನ ಗೆರೆ, ಮಂಡಿಯ ನಡಿಗೆ, ಆಡು ದನ ಆರಾಮ, ಮಳೆ ನಿಂತ ಎರಡು ವಾರ, ನೊರಜು. ನನ್ನ ಅಂದಾಜು ನೀಲಿ ನಾಲಿಗೆ. ಆದರೆ ಇದು ಅಂದಾಜು ಮಾತ್ರ. ಇವತ್ತೇ ಊರಿನ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ 1962ಕ್ಕೆ ಫೋನ್ ಮಾಡಿ ಗಾಡಿ ಕರೆಸಿ. ಜ್ವರ ಇರುವ ಕುರಿಯ ರಕ್ತ ತೆಗೆಸಲೇಬೇಕು.

ಅಲ್ಲಿಯವರೆಗೆ ಕಾಯಿಲೆಯವನ್ನು ನೆರಳಿಗೆ ಹಾಕಿ. ಬಿಸಿಲು ಬಿದ್ದರೆ ಮುಖದ ಬಾಧೆ ಜಾಸ್ತಿ ಆಗುತ್ತದೆ. ಕಾಲಡಿಗೆ ಒಣಹುಲ್ಲು ಹರಡಿ. ಉಪ್ಪುನೀರಿನಲ್ಲಿ ಬಾಯಿ ತೊಳೆದು, ರಾಗಿ ಅಂಬಲಿಯನ್ನು ಬಟ್ಟಲಲ್ಲಿ ಮುಂದಿಡಿ. ಗೊಟ್ಟದಲ್ಲಿ, ಅಂದರೆ ಬಿದಿರಿನ ಕೊಳವೆಯಲ್ಲಿ, ಬಾಯಿಗೆ ಸುರಿಯಬೇಡಿ. ನಾಲಿಗೆ ಊದಿದ ಕುರಿ ಸರಿಯಾಗಿ ನುಂಗುವುದಿಲ್ಲ, ಅಂಬಲಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಕಾಯಿಲೆಯಿಂದ ಉಳಿದ ಎಷ್ಟೋ ಕುರಿ ಗೊಟ್ಟದಿಂದ ಸತ್ತಿದ್ದು ನೋಡಿದ್ದೇನೆ. ವೈರಸ್ಸಿಗೆ ಔಷಧಿ ಇಲ್ಲ. ಜ್ವರ, ನೋವಿಗೆ ಒಂದು, ಮೇಲೆ ಬೀಳುವ ನ್ಯುಮೋನಿಯಾಕ್ಕೆ ಒಂದು, ಅದನ್ನು ಬಂದ ಡಾಕ್ಟ್ರು ನೋಡಿ ಕೊಡಲಿ.

ಸಂತೆಪೇಟೆ | ಬೆಳಿಗ್ಗೆ 9:40

ಡಾಕ್ಟ್ರೇ, ಒಂದು ಅನುಮಾನ. ನೀಲಿ ನಾಲಿಗೆ ಕುರಿಯಿಂದ ಕುರಿಗೆ ಅಂಟುವುದಿಲ್ಲ ಅಂತ ನೀವೇ ಬೇರೆ ಕಡೆ ಬರೆದಿದ್ದಿರಿ. ಹಾಗಿದ್ದರೆ ಒಂದೇ ರೊಪ್ಪದಲ್ಲಿ ಹದಿನಾರಕ್ಕೆ ಹೇಗೆ ಬಂತು? ನೀಲಿ ನಾಲಿಗೆ ಅಂತ ಹೆಸರಿಟ್ಟು, ಹದಿನಾರರಲ್ಲಿ ಒಂದರ ನಾಲಿಗೆ ಮಾತ್ರ ನೀಲಿ ಅಂದರೆ ಅದೆಂಥ ಹೆಸರು?

ದನದ ಡಾಕ್ಟ್ರು | ಮಧ್ಯಾಹ್ನ 1:30

ಹೆಸರು ನಮ್ಮದಲ್ಲ, ದಕ್ಷಿಣ ಆಫ್ರಿಕಾದ ಬೋಯರ್ ರೈತರದ್ದು. ಅವರು ಬ್ಲೌಟಾಂಗ್ ಅಂದರು. ನಾಲಿಗೆ ನೀಲಿ ಆಗುವುದು ಕೆಲವಕ್ಕೆ ಮಾತ್ರ, ಅದೂ ಉಸಿರಾಟ ಕೆಟ್ಟ ಮೇಲೆ. ಅದನ್ನೇ ಕಾಯುತ್ತಾ ಕೂತರೆ ಅರ್ಧ ಹಿಂಡು ಹೋಗಿರುತ್ತದೆ.

ಅಂಟುವ ವಿಷಯ. ಅಲ್ಲಿನವರಿಗೂ ನಿಮ್ಮ ಹಾಗೇ ತಲೆ ಕೆಟ್ಟಿತ್ತು. ಕಾಯಿಲೆ ಕುರಿ, ಚೆನ್ನಾಗಿರುವ ಕುರಿ ಒಟ್ಟಿಗೆ ಕಟ್ಟಿದರೂ ಬರುವುದಿಲ್ಲ, ಆದರೆ ಬಯಲಲ್ಲಿ ನೂರಾರಕ್ಕೆ ಬರುತ್ತದೆ. 1944ರಲ್ಲಿ ಆಂಡರ್‌ಸ್ಟೆಪೂರ್ಟ್ ಸಂಸ್ಥೆಯ ಡು ಟಾಯ್ಟ್ ಅನ್ನುವವರು, ಇದನ್ನು ಹೊತ್ತು ತರುವುದು ಕ್ಯೂಲಿಕಾಯ್ಡಿಸ್ ಅನ್ನುವ ನೊರಜು ಅಂತ ತೋರಿಸಿದರು. ಒಂದರಿಂದ ಮೂರು ಮಿಲಿಮೀಟರ್ ಹುಳ. ಸೊಳ್ಳೆಪರದೆಯ ಕಣ್ಣಿನಲ್ಲಿ ನುಸುಳಿ ಬರುತ್ತದೆ. ರಕ್ತ ಹೀರುವುದು ಹೆಣ್ಣು, ಅದೂ ಮುಖ್ಯವಾಗಿ ಮುಸ್ಸಂಜೆ ಮತ್ತು ನಸುಕಿನಲ್ಲಿ. ಒದ್ದೆ ಸಗಣಿ, ತಿಪ್ಪೆಯ ಕೆಸರು ಅದಕ್ಕೆ ತವರುಮನೆ.

ಇನ್ನೊಂದು ಗಮ್ಮತ್ತು ಕೇಳಿ. ಈ ವೈರಸ್ ದನಗಳೊಳಗೂ ಇರುತ್ತದೆ, ವಾರಗಟ್ಟಲೆ. ಆದರೆ ದನಕ್ಕೆ ಹೆಚ್ಚಾಗಿ ಏನೂ ಆಗುವುದಿಲ್ಲ. ನೊರಜು ರಾತ್ರಿ ಹಸುವಿನ ರಕ್ತ ಹೀರುತ್ತದೆ, ವೈರಸ್ ಅದರ ಮೈಯಲ್ಲಿ ಬೆಳೆಯುತ್ತದೆ, ವಾರ ಹತ್ತು ದಿನ ಕಳೆದು ಪಕ್ಕದ ರೊಪ್ಪದ ಕುರಿಗೆ ಕಚ್ಚುತ್ತದೆ. ನಮ್ಮ ಹುಡುಗನ ಮನೆಯ ನಕ್ಷೆ ನೋಡಿ. ಕೊಟ್ಟಿಗೆ, ತಿಪ್ಪೆ, ರೊಪ್ಪ, ಸಾಲಾಗಿ. ಸಂತೆ ಕುರಿ ವೈರಸ್ ತಂದಿರಬಹುದು, ತರದೆಯೂ ಇರಬಹುದು. ಪಾಪ, ಎಲ್ಲ ತಪ್ಪೂ ಸಂತೆಯ ತಲೆಗೆ ಬೇಡ. ಇದನ್ನು ಹೇಳುವುದು ನಾನು, ನೀವು ವ್ಯಾಪಾರಿಗಳಾಗಿ ಸಂತೆಯನ್ನೇ ಬೈಯುತ್ತಿದ್ದೀರಿ 😄

ಬೇಲಿಹಾರಿ | ಮಧ್ಯಾಹ್ನ 2:15

ಎಲ್ಲಾ ಚೆನ್ನಾಗಿದೆ. ರಕ್ತ ತೆಗೆದು, ಬೆಂಗಳೂರಿಗೆ ಹೋಗಿ, ವರದಿ ಬರುವಷ್ಟರಲ್ಲಿ ಕುರಿ ಮಣ್ಣಾಗಿರುತ್ತದೆ. ಮೂರು ವರ್ಷದ ಹಿಂದೆ ನಮ್ಮಿಂದಲೂ ಸ್ಯಾಂಪಲ್ ತಗೊಂಡು ಹೋದರು. ಇವತ್ತಿನವರೆಗೆ ಯಾರೂ ತಿರುಗಿ ಏನಾಯ್ತು ಅಂತ ಹೇಳಿಲ್ಲ. ರೈತನ ರಕ್ತ ಹೀರುವವರಲ್ಲಿ ನೊರಜು ಒಂದೇ ಅಲ್ಲ.

ಸೀರಂ ಅಕ್ಕ | ಸಂಜೆ 5:50

ನಾನು ಪಶುರೋಗದ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಬೇಲಿಹಾರಿಯವರ ಸಿಟ್ಟು ನ್ಯಾಯವಾದದ್ದೇ. ವರದಿ ರೈತನಿಗೆ ಮುಟ್ಟದಿದ್ದರೆ ಅವನು ಇನ್ನೊಂದು ಸಲ ಕುರಿ ಹಿಡಿದು ಕೊಡಲ್ಲ. ಆ ತಪ್ಪು ನಮ್ಮ ಕಡೆಯದು, ಒಪ್ಪಿಕೊಳ್ಳುತ್ತೇನೆ.

ಆದರೆ ಸ್ಯಾಂಪಲ್ಲೇ ಕೆಟ್ಟು ಬರುವುದೂ ಬಹಳ. ಒಂದು ಸಲ ನೀಲಿ ನಾಲಿಗೆ ಅನುಮಾನದ ರಕ್ತ ಬಂತು. ಕಳಿಸಿದವರು ಬಹಳ ಶ್ರದ್ಧೆಯಿಂದ ಫ್ರೀಜರಿನಲ್ಲಿಟ್ಟು ಗಡ್ಡೆ ಕಟ್ಟಿಸಿ ಕಳಿಸಿದ್ದರು. ಈ ವೈರಸ್ ಕೆಂಪು ರಕ್ತಕಣಕ್ಕೆ ಅಂಟಿಕೊಂಡಿರುತ್ತದೆ. ರಕ್ತವನ್ನು ಹಾಗೇ ಮಂಜುಗಡ್ಡೆ ಮಾಡಿದರೆ ಕಣ ಒಡೆಯುತ್ತದೆ, ವೈರಸ್ ಬೆಳೆಸಿ ಅದರ ಜಾತಿ ನೋಡುವುದು ಕಷ್ಟ. ರಕ್ತ ಹೆಪ್ಪುಗಟ್ಟದಂತೆ ತಡೆಯುವ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ತೆಗೆದು, ಐಸ್ ಪ್ಯಾಕ್ ನಡುವೆ ತಣ್ಣಗಿಟ್ಟು ಕಳಿಸಿದರೆ ಸಾಕು, ಮಂಜುಗಡ್ಡೆ ಆಗಬಾರದು. ಜ್ವರ ಏರಿದ ಹೊಸ ಕುರಿಯದು ಇರಬೇಕು. ಸಾಯಲು ಬಿದ್ದದ್ದನ್ನೇ ಹುಡುಕಬೇಡಿ. ಪಿಪಿಆರ್ ಅನುಮಾನ ಇದ್ದರೆ ಮೂಗು, ಕಣ್ಣು ಒರೆಸಿದ ಹತ್ತಿ. ಕಾಲುಬಾಯಿ ಅನುಮಾನಕ್ಕೆ ಗುಳ್ಳೆಯ ಪೊರೆ. ಮೂರಕ್ಕೂ ಮೂರು ಬೇರೆ ಬೇರೆ.

ವರದಿ ಯಾಕೆ ಬೇಕು ಅಂದರೆ, ಇದು ಒಂದೇ ವೈರಸ್ ಅಲ್ಲ. ನೀಲಿ ನಾಲಿಗೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜಾತಿ ಇವೆ, ಸೀರೋಟೈಪ್ ಅಂತಾರೆ. ಒಂದರ ಲಸಿಕೆ ಇನ್ನೊಂದಕ್ಕೆ ಪೂರ್ತಿ ನಡೆಯುವುದಿಲ್ಲ. ನಮ್ಮ ದೇಶದಲ್ಲಿ ಇದು ಮೊದಲು ದಾಖಲಾಗಿದ್ದು 1964ರಲ್ಲಿ, ಮಹಾರಾಷ್ಟ್ರದಲ್ಲಿ. ಆಮೇಲೆ ದಕ್ಷಿಣದ ರಾಜ್ಯಗಳಲ್ಲೇ ಜಾಸ್ತಿ ಕಾಡಿದೆ. ಎಷ್ಟೋ ವರ್ಷ ಹಳ್ಳಿಗಳಿಂದ ರಕ್ತ ಬಂದು, ಯಾವ ಜಾತಿ ಎಲ್ಲೆಲ್ಲಿದೆ ಅಂತ ಲೆಕ್ಕ ಸಿಕ್ಕ ಮೇಲೆಯೇ ಐದು ಜಾತಿ ಆರಿಸಿ ಲಸಿಕೆ ಮಾಡಿದ್ದು. 1, 2, 10, 16 ಮತ್ತು 23. ವೈರಸ್ಸನ್ನು ಕೊಂದು ಮಾಡಿದ ಲಸಿಕೆ ಅದು. ಆ ಐದು ಅಂಕಿ ಯಾರೋ ಎಸಿ ರೂಮಿನಲ್ಲಿ ಕೂತು ಬರೆದದ್ದಲ್ಲ, ನಿಮ್ಮ ಕುರಿಗಳೇ ಬರೆಸಿದ್ದು.

ಯಲಹಂಕದಲ್ಲಿ ನಿವೇದಿ ಅಂತ ಕೇಂದ್ರ ಸಂಸ್ಥೆ ಇದೆ. ಯಾವ ಜಿಲ್ಲೆಯಲ್ಲಿ ಯಾವ ರೋಗ ಬರಬಹುದು ಅಂತ ಎರಡು ತಿಂಗಳು ಮುಂಚೆ ಮುನ್ಸೂಚನೆ ಕೊಡುತ್ತಾರೆ. ಮಳೆ, ಉಷ್ಣಾಂಶದ ಜೊತೆಗೆ ಹಿಂದಿನ ವರ್ಷಗಳ ರೋಗದ ದಾಖಲೆ ಸೇರಿಸಿ ಲೆಕ್ಕ ಹಾಕುತ್ತಾರೆ. ನೀಲಿ ನಾಲಿಗೆಯನ್ನು ಕಾಲುಬಾಯಿ ಅಂತ ಬರೆಸಿದರೆ ಆ ಲೆಕ್ಕವೂ ತಪ್ಪುತ್ತದೆ.

ಹಳೇ ಕಾಂಪೌಂಡರ್ | ರಾತ್ರಿ 8:30

ಸೀರಂ ಅಕ್ಕ ಹೇಳಿದ ಮಾತಿಗೆ ಒಂದು ಹಳೇ ಕಥೆ ಸೇರಿಸುತ್ತೇನೆ. ನಿವೃತ್ತನಾಗಿ ಬಹಳ ವರ್ಷ ಆಯಿತು, ತಾಳ್ಮೆಯಿಂದ ಓದಿ.

ನಾನು ಕೆಲಸಕ್ಕೆ ಸೇರಿದಾಗ ದೊಡ್ಡರೋಗ ಅಂದರೆ ಊರೇ ನಡುಗುತ್ತಿತ್ತು. ದನದ ರಿಂಡರ್‌ಪೆಸ್ಟ್. ನಮ್ಮ ಹೆಬ್ಬಾಳದ ಲಸಿಕೆ ಸಂಸ್ಥೆಯೂ 1926ರಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಆಗಿ ಶುರುವಾದದ್ದು. ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ತುಂಬಿ, ಅದರೊಳಗೆ ಲಸಿಕೆ ಇಟ್ಟು, ಸೈಕಲ್ ಹ್ಯಾಂಡಲ್ಲಿಗೆ ಕಟ್ಟಿಕೊಂಡು ಹೋಗುತ್ತಿದ್ದೆವು. ದಾರಿಯಲ್ಲಿ ಐಸ್ ಕರಗಿದರೆ ವಾಪಸ್. ಕರಗಿದ ಲಸಿಕೆ ಚುಚ್ಚಿ ಬಂದವರೂ ಇದ್ದರು, ಸುಳ್ಳು ಯಾಕೆ ಹೇಳಲಿ.

ಆಗ ಕುರಿ ಆಡುಗಳಿಗೆ ಭೇದಿ, ಬಾಯಿಹುಣ್ಣು ಬಂದು ಸತ್ತರೆ ಅದನ್ನೂ ದೊಡ್ಡರೋಗ ಅಂತಲೇ ಬರೆಯುತ್ತಿದ್ದೆವು. ನೋಡಲು ಹಾಗೇ ಇತ್ತು. 1942ರಲ್ಲೇ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ಇದು ಬೇರೆ ರೋಗ ಅಂತ ಗುರುತಿಸಿದ್ದರು. ನಮ್ಮಲ್ಲಿ ಗೊತ್ತಾಗಿದ್ದು 1987ರಲ್ಲಿ ತಮಿಳುನಾಡಿನ ಅರಸೂರಿನಲ್ಲಿ ಕುರಿಗಳಿಗೆ ಬಂದಾಗ. ಅದನ್ನು ಪಿಪಿಆರ್ ಅಂತ ಖಚಿತ ಮಾಡಿದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಶೈಲಾ ಅವರೂ ಒಬ್ಬರು. ಎರಡೂ ಅಣ್ಣತಮ್ಮ ವೈರಸ್‌ಗಳು. ದನದ ಲಸಿಕೆ ಕುರಿಗೆ ಹಾಕಿದರೂ ಹಿರೇಬೇನೆ ತಡೆಯುತ್ತಿತ್ತು. ಅದಕ್ಕೇ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ ಅನ್ನಿ.

ತೊಂದರೆ ಆಮೇಲೆ ಬಂತು. ದೊಡ್ಡರೋಗ ಹೋಗಿದೆ ಅಂತ ಸಾಬೀತು ಮಾಡಬೇಕಾದರೆ ಲಸಿಕೆ ನಿಲ್ಲಿಸಿ, ಯಾವ ಪ್ರಾಣಿಯ ರಕ್ತದಲ್ಲೂ ಅದರ ಗುರುತು ಇಲ್ಲ ಅಂತ ತೋರಿಸಬೇಕು. ಕುರಿಗೆ ಆ ಲಸಿಕೆ ಹಾಕುತ್ತಿದ್ದರೆ ಲೆಕ್ಕ ಕಲಸಿಹೋಗುತ್ತದೆ. ಹಾಗಾಗಿ ಪಿಪಿಆರ್‌ಗೇ ಬೇರೆ ಲಸಿಕೆ ಬೇಕಾಯಿತು. ಉತ್ತರಾಖಂಡದ ಮುಕ್ತೇಶ್ವರದಲ್ಲಿ ಸುಂಗ್ರಿ 96 ಅನ್ನುವ ತಳಿಯಿಂದ ಮಾಡಿದ ಲಸಿಕೆ ಬಂತು. ದೇಶದಲ್ಲಿ ದೊಡ್ಡರೋಗದ ಕೊನೆಯ ಪ್ರಕರಣ 1995ರದು, 2011ರಲ್ಲಿ ಇಡೀ ಲೋಕದಿಂದಲೇ ಹೋಯಿತು ಅಂತ ಸಾರಿದರು. ಸಿಡುಬು ಬಿಟ್ಟರೆ ಮನುಷ್ಯ ಬೇರುಸಹಿತ ಕಿತ್ತಿದ ರೋಗ ಇದೊಂದೇ. ಪಿಪಿಆರ್ ಅನ್ನು 2030ಕ್ಕೆ ಮುಗಿಸಬೇಕು ಅಂತ ಗುರಿ ಇಟ್ಟಿದ್ದಾರೆ.

ಬೇಲಿಹಾರಿ ಅವರೇ, ನಿಮ್ಮ ಮೂರು ವರ್ಷದ ಹಿಂದಿನ ಸ್ಯಾಂಪಲ್ಲಿಗೆ ಉತ್ತರ ಕೊಡಬೇಕಿತ್ತು, ಕೊಡಲಿಲ್ಲ, ತಪ್ಪು. ಆದರೂ ಕೊಡುವುದು ನಿಲ್ಲಿಸಬೇಡಿ.

ಬೇಲಿಹಾರಿ | ರಾತ್ರಿ 9:05

ಯಜಮಾನರೇ, ನೀವು ಹೇಳಿದಿರಿ ಅಂತ ಸುಮ್ಮನಿರುತ್ತೇನೆ. ಸರ್ಕಾರದ ಅನುಗ್ರಹ ಯೋಜನೆಯ ಪರಿಹಾರಕ್ಕೂ ಡಾಕ್ಟ್ರು ಬಂದು ಸತ್ತ ಕುರಿ ಕೊಯ್ದು ನೋಡಲೇಬೇಕು ಅಂತಾರೆ. ಹೇಗೂ ಕರೆಸಲೇಬೇಕು.

ಕಾಲುವೆಯೂರು | ಮಂಗಳವಾರ, ಬೆಳಗಿನ ಜಾವ 2:40

ಊರು ಬಿಟ್ಟು ನೆದರ್ಲೆಂಡ್ಸ್‌ನಲ್ಲಿ ಇದ್ದೇನೆ, ಸಮಯ ನೋಡಿ ಗಾಬರಿ ಆಗಬೇಡಿ. ಚಳಿ ದೇಶಕ್ಕೆ ನೀಲಿ ನಾಲಿಗೆ ಬರಲ್ಲ ಅಂತ ಇಲ್ಲಿನವರು ನಂಬಿದ್ದರು. 2006ರ ಆಗಸ್ಟ್‌ನಲ್ಲಿ ಮಾಸ್ಟ್ರಿಕ್ಟ್ ಕಡೆ 8ನೇ ಜಾತಿ ಕಾಣಿಸಿತು, ನಾಲ್ಕಾರು ದೇಶಕ್ಕೆ ಹಬ್ಬಿತು. ಲಸಿಕೆ ಹಾಕಿ ಹತೋಟಿಗೆ ತಂದರು. 2023ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಂತು, ಈ ಸಲ 3ನೇ ಜಾತಿ. ಹಳೇ ಲಸಿಕೆ ಕೆಲಸಕ್ಕೆ ಬರಲಿಲ್ಲ. ಮುಂದಿನ ವರ್ಷ ಹೊಸದು ಬರುವವರೆಗೆ ಕೈಕಟ್ಟಿ ಕೂತರು. ನಮ್ಮ ಮನೆ ಹತ್ತಿರದ ಅಜ್ಜ ಒಬ್ಬರು ಕುರಿ ಸಾಕುತ್ತಾರೆ, ಅವರೂ ಮಂಡಿ ಮೇಲೆ ನಡೆಯುವ ಕುರಿ ಬಗ್ಗೆ ಹೇಳಿ ಕಣ್ಣೊರೆಸಿಕೊಂಡಿದ್ದರು. ಹಿರಿಯೂರಿನ ಕಥೆ ಓದಿ ಅವರೇ ನೆನಪಾದರು.

ಆಡಿನಮ್ಮ | ಮಂಗಳವಾರ, ಬೆಳಿಗ್ಗೆ 7:00

ರೊಪ್ಪದ ಹುಡುಗಾ, ಆ ಹೊರಗೆ ನಾಲಿಗೆ ಬಂದಿದ್ದ ಕುರಿ ಹೇಗಿದೆಯಪ್ಪ?

ರೊಪ್ಪದ ಹುಡುಗ | ಮಂಗಳವಾರ, ರಾತ್ರಿ 9:20

ಅದು ಹೋಯಿತು ಅಕ್ಕ. ಡಾಕ್ಟ್ರು ಬಂದು ಕೊಯ್ದು ನೋಡಿದರು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದ ಬುಡದಲ್ಲಿ ರಕ್ತ ಕಟ್ಟಿದ ಕೆಂಪು ಮಚ್ಚೆ ತೋರಿಸಿ, ನೀಲಿ ನಾಲಿಗೆಯ ಗುರುತು ಇದೇ ಅಂದರು. ಆರು ಕುರಿಯ ರಕ್ತ ತಗೊಂಡರು, ನೇರಳೆ ಮುಚ್ಚಳದ್ದೇ. ಫ್ರೀಜರಿಗೆ ಹಾಕಬೇಡಿ ಸರ್ ಅಂತ ನಾನೇ ಹೇಳಿದೆ, ನಕ್ಕರು.

ರೊಪ್ಪವನ್ನು ಬೋರೆಯ ಮೇಲೆ, ದನದಿಂದ ದೂರ ಹಾಕಿದ್ದೇನೆ. ಸಂಜೆ ಆರಕ್ಕೆ ಬೇವಿನಸೊಪ್ಪಿನ ಹೊಗೆ. ತಿಪ್ಪೆಯ ನೀರಿಗೆ ಕಾಲುವೆ ತೆಗೆದೆ. ದೊಡ್ಡಪ್ಪ ಹೊಗೆ ನೋಡಿ, ಗಾಳಿ ಬಿಡಿಸುತ್ತಿದ್ದೀಯಾ ಅಂದರು. ಹೌದು ಅಂದೆ.

ಸಂತೆಪೇಟೆ | ಮಂಗಳವಾರ, ರಾತ್ರಿ 9:45

ಬೇವಿನೆಣ್ಣೆ ಹಚ್ಚು ಅಂದಿದ್ದೆ, ಬೇವಿನ ಹೊಗೆ ಹಾಕಿದ್ದೀಯ. ಅರ್ಧ ಗೆದ್ದೆ ನಾನು.

ರೊಪ್ಪದ ಹುಡುಗ | ಹದಿನೈದು ದಿನದ ನಂತರ, ಬೆಳಿಗ್ಗೆ 7:15

ವರದಿ ಬಂತು. ಆರರಲ್ಲಿ ನಾಲ್ಕಕ್ಕೆ ನೀಲಿ ನಾಲಿಗೆ ಪಾಸಿಟಿವ್. ಪಿಪಿಆರ್ ಇಲ್ಲ. ಯಾವ ಜಾತಿ ಅಂತ ಇನ್ನೂ ನೋಡುತ್ತಿದ್ದಾರಂತೆ. ಒಟ್ಟು ಒಂಬತ್ತು ಕುರಿ ಹೋದವು. ಒಂದು ಗಬ್ಬದ ಕುರಿ ಕಂದು ಹಾಕಿತು. ಮಂಡಿಯ ಮೇಲೆ ನಡೆಯುತ್ತಿತ್ತಲ್ಲ, ಅದು ನಿನ್ನೆ ಎದ್ದು ನಾಲ್ಕು ಕಾಲಲ್ಲಿ ಹೋಗಿ ಹುರುಳಿ ಹೊಟ್ಟು ತಿಂದಿತು. ಬೆನ್ನಿನ ಉಣ್ಣೆ ಮಾತ್ರ ಕೈ ಹಾಕಿದರೆ ಕಂತೆ ಕಂತೆ ಬರುತ್ತಿದೆ. ಇದೇನು ಹೊಸ ಕಾಯಿಲೆ?

ದನದ ಡಾಕ್ಟ್ರು | ಬೆಳಿಗ್ಗೆ 8:40

ಹೊಸದಲ್ಲ, ಜ್ವರ ಬಂದು ಹೋದ ಗುರುತು. ಉಣ್ಣೆ ಮತ್ತೆ ಬರುತ್ತದೆ. ಮುಂದಿನ ಸಲ ಲಸಿಕೆಯನ್ನು ಮಳೆಗಾಲ ಶುರುವಾಗುವ ಮುಂಚೆ ಹಾಕಿಸಿ, ನೊರಜು ಎದ್ದ ಮೇಲೆ ಅಲ್ಲ. ಜಾತಿ ಗೊತ್ತಾದ ಕೂಡಲೇ ಆ ಐದರಲ್ಲಿ ಅದು ಇದೆಯಾ ಅಂತ ಡಾಕ್ಟ್ರನ್ನು ಕೇಳಿ. ಹೊಸದಾಗಿ ತಂದ ಕುರಿಗಳನ್ನು ಮೂರು ವಾರ ಬೇರೆ ಕಟ್ಟಿ, ಅದು ಎಲ್ಲ ರೋಗಕ್ಕೂ ಒಳ್ಳೆಯದು.

ರೊಪ್ಪದ ಹುಡುಗ | ಬೆಳಿಗ್ಗೆ 9:00

ಇನ್ನೊಂದು ಸರ್. ಪಕ್ಕದೂರಿನ ನೆಂಟರು ನಮ್ಮ ಟಗರನ್ನು ಹಿಂಡಿಗೆ ಬಿಡಲು ಕೇಳುತ್ತಿದ್ದಾರೆ. ಅದಕ್ಕೂ ಜ್ವರ ಬಂದಿತ್ತು, ಈಗ ಚೆನ್ನಾಗಿದೆ. ಕೊಡಬಹುದಾ?

ದನದ ಡಾಕ್ಟ್ರು | ಬೆಳಿಗ್ಗೆ 9:10

ಎರಡು ತಿಂಗಳು ಬೇಡ. ವೀರ್ಯದಲ್ಲೂ ವೈರಸ್ ಇರಬಹುದು. ಮೇಲಾಗಿ ಅಂಥ ಜ್ವರ ಬಂದ ಟಗರಿಗೆ ಸ್ವಲ್ಪ ಕಾಲ ಗಬ್ಬ ಕಟ್ಟಿಸುವ ಶಕ್ತಿಯೇ ಇರುವುದಿಲ್ಲ. ಕೊಟ್ಟರೂ ಬೈಗುಳವೇ ಗತಿ.

ರೊಪ್ಪದ ಹುಡುಗ | ಸಂಜೆ 6:30

ಇಲ್ಲ ಅಂದೆ. ಮುನಿಸಿಕೊಂಡು, ಕಾಫಿ ಕುಡಿಯದೆ ಹೋದರು.